ಕಡ್ಡಿಯ ಇನ್ನೊಂದು ತುದಿ

ತಮ್ಮನ ಹೆಂಡತಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮ ಮನೆಗೆ ಬಂದಿದ್ದಳು. ಆಪರೇಷನ್ ಸಲೀಸಾಗಿ ಮುಗಿಯಿತು. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣು ಉಜ್ಜಬಾರದು, ಅಳಲೇಬಾರದು ಎಂದು ಕಣ್ಣಿನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳು, “ಅಳೋದಕ್ಕೆ ನನಗೇನಾಗಿದೆ ಅತ್ತಿಗೆ? ಸ್ವಲ್ಪ ದಿನ ನಿಮ್ಮ ತಮ್ಮನ ಅಡುಗೆ ತಪ್ಪಿತಲ್ಲ, ನಗೋದೊಂದೇ ಬಾಕಿ” ಎಂದಳು. ಮರುದಿನವೇ ಅವರಿರುವ ದ್ವೀಪದ ಮೇಲೆ ಬಿರುಗಾಳಿ ಹಾದುಹೋಯಿತು.

ಆ ದ್ವೀಪದಲ್ಲಿ ಪುಟ್ಟ ವಿಮಾನಗಳು ಇಳಿಯುವ ಒಂದು ಪಟ್ಟಿ ಇದೆ. ಪಟ್ಟಿಯ ಪಕ್ಕದಲ್ಲಿ ಒಂದು ರೇಡಿಯೋ ಕಂಬ. ಮೋಡದಲ್ಲಿ ಸಿಕ್ಕಿಕೊಂಡ ವಿಮಾನಗಳಿಗೆ ದಿಕ್ಕು ತಿಳಿಯಲೆಂದು ಆ ಕಂಬ ಲಾಂಗ್‌ವೇವ್‌ನಲ್ಲಿ, ಅಂದರೆ ರೇಡಿಯೋದ ಉದ್ದ ಅಲೆಗಳಲ್ಲಿ, ಸದಾ ಒಂದೇ ಕೂಗು ಹಾಕುತ್ತಿರುತ್ತದೆ. ಉದ್ದ, ಗಿಡ್ಡ, ಗಿಡ್ಡ. ಉಸಿರು ತೆಗೆದುಕೊಂಡಂತೆ ಒಂದು ಕ್ಷಣ ಬಿಟ್ಟು ಮತ್ತೆ ಉದ್ದ. ಕಂಬವನ್ನೂ ಅದಕ್ಕೆ ಕರೆಂಟು ಕೊಡುವ ಡೀಸೆಲ್ ಎಂಜಿನ್‌ಗಳನ್ನೂ ನೋಡಿಕೊಳ್ಳುವವನು ನನ್ನ ತಮ್ಮ. ಬಿರುಗಾಳಿಯ ಸುದ್ದಿ ಬಂದಾಗ ಅಲ್ಲಿದ್ದ ಮೀನುಗಾರರ ಮನೆಯವರೆಲ್ಲ ದೋಣಿ ಹತ್ತಿ ಈಚೆ ದಡಕ್ಕೆ ಬಂದರು. ಇವನೊಬ್ಬ ಬರಲಿಲ್ಲ. ಕಂಬ ಬಿಟ್ಟು ಬಂದರೆ ನಾಳೆ ಸಹಾಯಕ್ಕೆ ಬರುವ ವಿಮಾನಕ್ಕೆ ದಾರಿ ಯಾರು ತೋರಿಸುತ್ತಾರೆ ಎಂದನಂತೆ.

ಆಮೇಲೆ ಅವನಿಂದ ಒಂದು ಮಾತೂ ಬರಲಿಲ್ಲ. ದ್ವೀಪದ ಫೋನು ಸತ್ತಿತ್ತು. ಅಲೆ ಇಳಿಯದೆ ದೋಣಿ ಹೋಗುವಂತಿರಲಿಲ್ಲ. ಅವನ ಕಚೇರಿಗೆ ಫೋನು ಮಾಡಿದರೆ ಒಬ್ಬ ಗುಮಾಸ್ತರು ದಿನವೂ ಒಂದೇ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದರು: “ಮೋಡ ಬಹಳ ಕೆಳಗಿದೆಯಮ್ಮ. ಕಂಬದ ಕೂಗು ಇಲ್ಲಿಗೆ ಕೇಳಿಸ್ತಿಲ್ಲ, ಬಿದ್ದಿರಬೇಕು ಅಂತಾರೆ. ಅದಿಲ್ಲದೆ ಪೈಲಟ್ ಹೇಗೆ ಹೋಗ್ತಾರೆ ಹೇಳಿ.”

ತಮ್ಮನ ಹೆಂಡತಿ ಅಳಲಿಲ್ಲ. ಡಾಕ್ಟರು ಹೇಳಿದ್ದಕ್ಕೋ ಏನೋ, ತುಟಿ ಬಿಗಿದುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತೇ ಇದ್ದಳು. ಒಂದು ಸಂಜೆ ಇದ್ದಕ್ಕಿದ್ದಂತೆ ತಲೆಯೆತ್ತಿ ಕೇಳಿದಳು.

“ಅತ್ತಿಗೆ, ನಿಮ್ಮ ಈ ರೇಡಿಯೋದಲ್ಲಿ ಲಾಂಗ್‌ವೇವ್ ಇದೆಯಾ?”

ಇತ್ತು. ಹಿಡಿಕೆಯಿರುವ ಹಳೆಯ ರೇಡಿಯೋ. ಪಾತ್ರೆ ತೊಳೆಯುವಾಗ ವಾರ್ತೆ ಕೇಳಲು ಇಟ್ಟುಕೊಂಡದ್ದು. ಲಾಂಗ್‌ವೇವ್ ಎಂದು ಬರೆದ ಕಡೆಗೆ ಅದರ ಗುಂಡಿಯನ್ನು ನಾನು ಒಮ್ಮೆಯೂ ತಿರುಗಿಸಿರಲಿಲ್ಲ. ತಿರುಗಿಸಿದೆವು. ಬಾಣಲೆಯಲ್ಲಿ ಏನೋ ಸಿಡಿಯುವಂಥ ಸದ್ದು ಬಿಟ್ಟರೆ ಬೇರೇನಿಲ್ಲ. ಮಡಚುವ ಏರಿಯಲ್ಲನ್ನು ಪೂರ್ತಿ ಎಳೆದು, ಕಿಟಕಿಯಿಂದ ಆಚೆ ಚಾಚಿ, ಅದರ ತುದಿಗೆ ಬಟ್ಟೆ ಒಣಹಾಕುವ ತಂತಿಯನ್ನೂ ಸುತ್ತಿ ನೋಡಿದೆವು. ಸಿಡಿತ ಇನ್ನಷ್ಟು ಜೋರಾಯಿತು, ಅಷ್ಟೆ.

“ಹಲ್ಲಿನ ಡಾಕ್ಟರನ್ನ ಕರೀತೀನಿ ಇರು” ಎಂದೆ.

ಅವಳು ಒಂಟಿ ಕಣ್ಣಿನಿಂದ ನನ್ನನ್ನು ನೋಡಿದ ರೀತಿಗೆ ನನಗೂ ನಗು ಬಂತು. ಆದರೆ ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು, ನೆಲಮಹಡಿಯಲ್ಲಿ ನಮ್ಮ ಬಾಗಿಲಿಗೆ ಎದುರಾಗಿ ಕ್ಲಿನಿಕ್ ಇಟ್ಟುಕೊಂಡಿರುವ ಹಲ್ಲಿನ ಡಾಕ್ಟರಿಗೆ ರೇಡಿಯೋ ಹುಚ್ಚು. ಎಲ್ಲೆಲ್ಲಿಯದೋ ದೂರದ ಸ್ಟೇಷನ್ ಹಿಡಿಯುತ್ತ ತಾರಸಿಯ ಮೇಲೆ ಕೂರುತ್ತಾರೆ. ಅವರು ಕೇಳುವುದರಲ್ಲಿ ಮುಕ್ಕಾಲು ಪಾಲು ಅವರಿಗೆ ಅರ್ಥವಾಗದ ಭಾಷೆ. “ರೋಗಿಗಳು ಬಾಯಲ್ಲಿ ಹತ್ತಿ ಇಟ್ಟುಕೊಂಡು ಹೇಳೋದು ಅರ್ಥ ಆಗುತ್ತಾ? ಹಾಗೇ ಇದೂನೂ” ಎನ್ನುತ್ತಾರೆ.

ಡಾಕ್ಟರು ಬಂದವರೇ ರೇಡಿಯೋದ ಮುಂದೆ ಕುಳಿತು, “ಯಾವಾಗಿನಿಂದ ತೊಂದರೆ?” ಎಂದರು.

“ಹುಟ್ಟಿದಾಗಿನಿಂದ” ಎಂದೆ.

“ಬಾಯಿ ತೆಗೀಲಿ, ನೋಡೋಣ.”

ಹಿಂದಿನ ಮುಚ್ಚಳ ಬಿಚ್ಚಿದರು. ಒಳಗೆ ಪೆನ್ಸಿಲ್ಲಿನಷ್ಟು ಉದ್ದದ ಒಂದು ಕಪ್ಪು ಕಡ್ಡಿ. ಅದಕ್ಕೆ ಸುತ್ತಿದ ತಂತಿಯ ಸುರುಳಿಗಳು. ಆ ಕಡ್ಡಿಯನ್ನು ಫೆರೈಟ್ ಅನ್ನುತ್ತಾರೆ, ಕಬ್ಬಿಣದ ಪುಡಿಯನ್ನು ಸುಟ್ಟು ಮಾಡುತ್ತಾರೆ ಎಂದರು.

“ಲಾಂಗ್‌ವೇವ್‌ಗೆ ಕಿವಿ ಇದೇನೆ. ನೀವು ಆಚೆ ಚಾಚಿದ್ದೀರಲ್ಲ, ಅದು ಬರೀ ಮೀಸೆ. ಎಷ್ಟು ಎಳೆದರೂ ಕೇಳಿಸಲ್ಲ.”

“ಹಾಗಾದರೆ ಕಿವಿ ದೊಡ್ಡದು ಮಾಡಿ” ಎಂದಳು ತಮ್ಮನ ಹೆಂಡತಿ.

ಡಾಕ್ಟರು ಅವಳ ಕಡೆ ತಿರುಗಿದರು. ಯಾವ ದ್ವೀಪ, ಯಾವ ಕಂಬ ಎಂದು ನಾನು ಆಗ ಹೇಳಿದೆ. ಅವರ ಮುಖದ ತಮಾಷೆ ಇಳಿಯಿತು. “ದೂರ ಬಹಳ ಇದೆ” ಎಂದರು. ಕಡ್ಡಿಯನ್ನು ಬೆರಳಿನಿಂದ ಅಳೆದು ನೋಡಿ, “ಆದರೆ ಮಾಡಬಾರದು ಅಂತೇನಿಲ್ಲ” ಎಂದರು. ಅವಳಿಗೆ ಸುಳ್ಳು ಆಸೆ ತೋರಿಸದೆ, ಇದ್ದ ಆಸೆಯನ್ನೂ ಮುರಿಯದೆ ಆಡಿದ ಆ ಮಾತಿಗೆ ನಾನು ಇವತ್ತಿಗೂ ಋಣಿ.

ಸತ್ತ ರೇಡಿಯೋಗಳಿಂದ ಕಿತ್ತಿಟ್ಟುಕೊಂಡ ಕಡ್ಡಿಗಳು ಅವರ ಹತ್ತಿರ ಡಬ್ಬಿ ತುಂಬ ಇದ್ದವು. ಒಂದೇ ದಪ್ಪದವನ್ನು ಆರಿಸಿ, ತುದಿಗೆ ತುದಿ ಅಂಟಿಸಿ, ಉದ್ದವಾದ ಒಂದೇ ಕಡ್ಡಿ ಮಾಡಿದರು. ಅದು ಸೀಮೆಸುಣ್ಣದ ಹಾಗೆ ಪಟಕ್ಕನೆ ಮುರಿಯುವ ವಸ್ತು. ಹಾಗಾಗಿ ಒಣಗುವ ತನಕ ಅವರ ಮನೆಯ ಮೇಜಿನ ಹತ್ತಿರ ಯಾರೂ ಸುಳಿಯಬಾರದೆಂದು ಅಪ್ಪಣೆಯಾಯಿತು. ಈಗ ಕಡ್ಡಿ ರೇಡಿಯೋಗಿಂತ ಉದ್ದ. ಪೆಟ್ಟಿಗೆಯ ಎರಡೂ ಪಕ್ಕ ತೂತು ಮಾಡಲೇಬೇಕಿತ್ತು. ನನ್ನ ಅಡುಗೆಮನೆಯ ರೇಡಿಯೋವನ್ನು ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಲಗಿಸಿ, ಮೇಲಿನ ದೊಡ್ಡ ದೀಪ ಹಾಕಿ, ಹಲ್ಲು ಕೊರೆಯುವ ಯಂತ್ರದಿಂದಲೇ ಕೊರೆದರು. ಹೊರಗೆ ಮೀನಿನ ತೊಟ್ಟಿಯ ಪಕ್ಕ ಕಾಯುತ್ತಿದ್ದ ರೋಗಿಯೊಬ್ಬರು ಇಣುಕಿ, “ಇದಾದ ಮೇಲೆ ನನ್ನ ಸರದಿನಾ?” ಎಂದು ಕೇಳಿದರು, ಆಮೇಲೆ ಸ್ವಲ್ಪ ಯೋಚಿಸಿ, “ಅವಸರ ಇಲ್ಲ, ನಿಧಾನಕ್ಕೆ ಮಾಡಿ” ಎಂದರು.

ಹೊಸ ಕಡ್ಡಿಗೆ ಹೊಸ ಸುರುಳಿ ಬೇಕಿತ್ತು. ಅದರ ತಂತಿಯೆಂದರೆ ಕೂದಲಿಗಿಂತ ಸಣ್ಣ ಎಳೆಗಳನ್ನು ಹೆಣೆದು ಮೇಲೆ ರೇಷ್ಮೆ ಸುತ್ತಿದ್ದು. ಒಂದೊಂದು ಎಳೆಯ ತುದಿಯನ್ನೂ ಕೆರೆದು ಬೆಸುಗೆ ಹಾಕಬೇಕು. ಎಳೆ ತಪ್ಪಿದರೆ ಸುರುಳಿ ಅಷ್ಟಷ್ಟು ಕಿವುಡಾಗುತ್ತದೆ ಎಂದರು ಡಾಕ್ಟರು. ಅಷ್ಟು ಸಣ್ಣ ಎಳೆ ನನ್ನ ಕಣ್ಣಿಗೆ ಕಾಣದು. ಡಾಕ್ಟರ ಬೆರಳು ದಪ್ಪ. ತಮ್ಮನ ಹೆಂಡತಿ ನೆಟ್ಟಗೆ ಕುಳಿತು, ಇದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡು, ಬೆರಳಿನಿಂದಲೇ ಎಳೆಗಳನ್ನು ಬಿಡಿಸತೊಡಗಿದಳು.

“ಕಣ್ಣು ಬಿಟ್ಟುಕೊಂಡರೆ ಗೊಂದಲ ಆಗುತ್ತೆ” ಎಂದಳು.

ಆ ಮಧ್ಯಾಹ್ನವೆಲ್ಲ ಅವಳು ಮೇಜು ಬಿಟ್ಟು ಏಳಲಿಲ್ಲ. ಬಿರುಗಾಳಿಯ ನಂತರ ಅವಳ ಕೈಗೆ ಸಿಕ್ಕಿದ ಮೊದಲ ಕೆಲಸ ಅದು. ಎಳೆ ಬಿಡಿಸುತ್ತ ಬಿಡಿಸುತ್ತ ಅವಳ ಭುಜಗಳು ತುಸು ಇಳಿದದ್ದನ್ನು ನಾನು ಕಂಡೆ.

ಸುರುಳಿಯನ್ನು ಕಡ್ಡಿಯ ಮೇಲೆ ಆಚೆ ಈಚೆ ಸರಿಸಿ, ಸದ್ದು ಎಲ್ಲಿ ಹೆಚ್ಚೋ ಅಲ್ಲಿ ನಿಲ್ಲಿಸಿ, ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ಮೇಣವನ್ನು ಕರಗಿಸಿ ಡಾಕ್ಟರು ಭದ್ರಪಡಿಸಿದರು. ರೇಡಿಯೋ ಈಗ ಕೋಲು ಅಡ್ಡಡ್ಡ ಕಚ್ಚಿಕೊಂಡ ನಾಯಿಯ ಹಾಗೆ ಕಾಣುತ್ತಿತ್ತು. ಹೊತ್ತು ಮುಳುಗುವಾಗ ಹಚ್ಚಿದರೆ, ಅಬ್ಬಾ, ಎಲ್ಲೆಲ್ಲಿಯವರೋ ಮಾತಾಡಿದರು! ಯಾರೋ ಹಾಡಿದರು, ಯಾರೋ ಕೆಮ್ಮಿದರು. ಡಾಕ್ಟರು ಪುಟ್ಟ ಹುಡುಗನಂತೆ ಕುಣಿದರು. ಆದರೆ ತಮ್ಮನ ಹೆಂಡತಿ ಹೇಳಿದ ಕಂಬದ ಜಾಗಕ್ಕೆ ರೇಡಿಯೋದ ಮುಳ್ಳು ತಂದಾಗ ಕೇಳಿಸಿದ್ದು ಗರಗಸದಿಂದ ಹಲಗೆ ಕೊಯ್ದಂಥ ಕರ್ಕಶ ಸದ್ದು. ಅದರಡಿ ಯಾವ ಕೂಗಿದ್ದರೂ ಕೇಳುವಂತಿರಲಿಲ್ಲ.

“ಇದು ಆಕಾಶದ್ದಲ್ಲ, ನಮ್ಮ ಕಟ್ಟಡದ್ದೇ. ಯಾವುದೋ ಕರೆಂಟಿನ ಸಾಮಾನು ಗಲಾಟೆ ಮಾಡ್ತಿದೆ” ಎಂದರು ಡಾಕ್ಟರು. “ಹಿಡಿಯೋಣ. ಈ ಕಡ್ಡಿಗೆ ಒಂದು ಗುಣ ಇದೆ. ಪಕ್ಕದಿಂದ ಬಂದದ್ದು ಕೇಳುತ್ತೆ, ತುದಿಯ ಕಡೆಯಿಂದ ಬಂದದ್ದು ಕೇಳಲ್ಲ.”

“ಬೇಕಾದ್ದು ಮಾತ್ರ ಕೇಳೋದು. ನಮ್ಮನೆಯವರ ಹಾಗೆ” ಎಂದಳು ತಮ್ಮನ ಹೆಂಡತಿ. ಎಂದವಳು ತಕ್ಷಣ ಮುಖ ಆಚೆ ತಿರುಗಿಸಿದಳು.

ಡಾಕ್ಟರು ರೇಡಿಯೋವನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸಿದರು. ಒಂದು ಕಡೆ ಬಂದಾಗ ಕರ್ಕಶ ಸದ್ದು ತಟ್ಟನೆ ಕುಗ್ಗಿತು. ಕಡ್ಡಿಯ ತುದಿ ನಮ್ಮ ಹಿಂದಿನ ಕಿಟಕಿಯಿಂದ ಅಂಗಳದಾಚೆಯ ಇನ್ನೊಂದು ಕಿಟಕಿಗೆ ನೆಟ್ಟಿತ್ತು. ಅದು ಟೈಲರಮ್ಮನ ಕೋಣೆ. ಒಳಗೆ ಮೋಟಾರು ಹಾಕಿದ ಹೊಲಿಗೆ ಯಂತ್ರ ಗರಗರ ತಿರುಗುತ್ತಿತ್ತು.

“ಸಿಕ್ಕಿಬಿದ್ದರು” ಎಂದರು ಡಾಕ್ಟರು.

ಕಡ್ಡಿಯನ್ನು ಹಾಗೇ ಬಿಟ್ಟರೆ ಗಲಾಟೆ ಕೇಳುವುದಿಲ್ಲವಲ್ಲ ಎಂದು ನಾನು ಕೇಳಿದೆ. ಹಾಗೆ ಬಿಟ್ಟರೆ ದ್ವೀಪದ ಕಡೆಗೂ ಕಡ್ಡಿ ಅರೆಕಿವುಡು. ದ್ವೀಪ ಕೇಳಬೇಕಾದರೆ ತಿರುಗಿಸಲೇಬೇಕು, ತಿರುಗಿಸಿದರೆ ಗಲಾಟೆ ಬರುತ್ತದೆ ಎಂದರು ಡಾಕ್ಟರು. ಸರಿ, ನಾನೇ ಹೋಗಿ ಟೈಲರಮ್ಮನಿಗೆ ವಿಷಯ ಹೇಳಿದೆ. ಶಾಲೆಯೊಂದರ ಸಮವಸ್ತ್ರದ ರಾಶಿಯ ನಡುವೆ ಕುಳಿತಿದ್ದ ಆಕೆ ಪೂರ್ತಿ ಕೇಳಿಸಿಕೊಂಡು, “ಆಗಲಿ ಅಮ್ಮ, ಸಂಜೆ ಹೊತ್ತು ಮೋಟಾರು ಹಾಕಲ್ಲ” ಎಂದಳು.

ಹಾಕಲಿಲ್ಲ. ಮರುದಿನ ಸಂಜೆ ಕಿಟಕಿಯಾಚೆ ಎಲ್ಲ ಸ್ತಬ್ಧ. ಆದರೂ ಕರ್ಕಶ ಸದ್ದು ಹಾಗೇ ಇತ್ತು. “ಟ್ಯೂಬ್‌ಲೈಟ್ ಇರಬೇಕು” ಎಂದರು ಡಾಕ್ಟರು. ಟ್ಯೂಬ್‌ಲೈಟ್ ಆರಿತು. ಸದ್ದು ನಿಲ್ಲಲಿಲ್ಲ. “ಫ್ಯಾನು?” ಫ್ಯಾನೂ ನಿಂತಿತು. ದಿನ ಕಳೆಯುತ್ತಿತ್ತು. ಗುಮಾಸ್ತರು ಈಗ ಫೋನಿನಲ್ಲಿ ಹೆಚ್ಚು ಮೆತ್ತಗೆ ಮಾತಾಡತೊಡಗಿದ್ದರು. ಅದು ಒಳ್ಳೆಯ ಲಕ್ಷಣವಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ತಮ್ಮನ ಹೆಂಡತಿ ಬಡಿಸಿದ್ದನ್ನು ತಟ್ಟೆಯಲ್ಲಿ ಆಚೀಚೆ ಸರಿಸಿ ಎದ್ದುಬಿಡುತ್ತಿದ್ದಳು. “ಏನೋ ಬೇರೆ ಇಟ್ಟುಕೊಂಡಿದ್ದಾರೆ, ಹೇಳ್ತಾ ಇಲ್ಲ ಆಕೆ” ಎಂದು ಡಾಕ್ಟರು ಗೊಣಗಿದರು.

ಇನ್ನೊಮ್ಮೆ ಕೇಳಿಬರೋಣವೆಂದು ಮುಸ್ಸಂಜೆಯಲ್ಲಿ ಅಂಗಳ ದಾಟಿದೆ. ಕಿಟಕಿಯಲ್ಲಿ ಇಣುಕಿದವಳು ಅಲ್ಲೇ ನಿಂತೆ. ಟೈಲರಮ್ಮ ಮೂಲೆಯಲ್ಲಿದ್ದ ಹಳೆಯ ಕಾಲುತುಳಿತದ ಯಂತ್ರವನ್ನು ಕಿಟಕಿಯ ಬಳಿ ಎಳೆದುಕೊಂಡು, ಒಂದು ಮೇಣದಬತ್ತಿ ಹಚ್ಚಿಟ್ಟುಕೊಂಡು ಹೊಲಿಯುತ್ತಿದ್ದಳು. ಮುಖದಿಂದ ಬೆವರು ಇಳಿಯುತ್ತಿತ್ತು. ಸಮವಸ್ತ್ರದ ರಾಶಿ ಕರಗಿರಲಿಲ್ಲ.

“ಇದೇನಮ್ಮ ನೀನು?” ಎಂದೆ.

“ಕರೆಂಟಿನದು ಯಾವುದೂ ಬೇಡ ಅಂತ ಮೇನ್ ಸ್ವಿಚ್ಚೇ ತೆಗೆದುಬಿಟ್ಟೆ. ಕೇಳಿಸ್ತಾ?”

“ಮೇನ್ ತೆಗೆದಿದ್ದೀಯಾ? ಯಾವಾಗಿನಿಂದ?”

“ಮೊನ್ನೆಯಿಂದ, ಸಂಜೆ ಹೊತ್ತು. ಇನ್ನೂ ಕೇಳಿಸಲಿಲ್ವಾ?” ಅವಳ ದನಿಯಲ್ಲಿದ್ದದ್ದು ತನ್ನದೇ ತಪ್ಪಿದೆಯೇನೋ ಎಂಬ ಚಿಂತೆ.

ಮೇನ್ ತೆಗೆದ ಮನೆಯಿಂದ ಕರೆಂಟಿನ ಗಲಾಟೆ ಬರುವುದೆಂತು? ಅವಳ ಕಿಟಕಿಗೆ ಬೆನ್ನು ಹಾಕಿ ನಮ್ಮ ಮನೆಯ ಕಡೆ ನೋಡಿದೆ. ಮೇಜಿನ ಮೇಲೆ ಆ ಉದ್ದ ಕಡ್ಡಿ ಇನ್ನೂ ಗಲಾಟೆಯ ದಿಕ್ಕಿಗೇ ನೆಟ್ಟು ಮಲಗಿತ್ತು. ಈಚೆಯ ತುದಿ ನಾನು ನಿಂತಿದ್ದ ಕಡೆಗೆ. ಆಚೆಯ ತುದಿ? ಅದು ನೇರವಾಗಿ ನಮ್ಮ ಮುಂಬಾಗಿಲಿನಿಂದಾಚೆ, ನಡುವಿನ ಪಡಸಾಲೆ ದಾಟಿ, ಕ್ಲಿನಿಕ್ಕಿನ ಕಾಯುವ ಕೋಣೆಗೆ ಹೋಗಿತ್ತು. ಅಲ್ಲಿ ರೋಗಿಗಳ ಹೆದರಿಕೆ ಕಳೆಯಲೆಂದು ಇಟ್ಟ ಮೀನಿನ ತೊಟ್ಟಿ ನೀಲಿ ದೀಪದಲ್ಲಿ ಫಳಫಳ ಹೊಳೆಯುತ್ತಿತ್ತು.

ಒಳಗೆ ಬಂದು, “ಡಾಕ್ಟ್ರೇ, ಕಡ್ಡಿಗೆ ಎರಡು ತುದಿ ಅಲ್ವಾ?” ಎಂದೆ.

ಡಾಕ್ಟರು ಕಡ್ಡಿಯನ್ನು ನೋಡಿದರು. ಅಲ್ಲಿಂದ ಬಾಗಿಲು, ಬಾಗಿಲಿಂದ ಕ್ಲಿನಿಕ್ಕು. “ಮೀನಾ?” ಎಂದರು. “ಮೀನು ಎಲ್ಲಾದರೂ ಗಲಾಟೆ ಮಾಡ್ತಾವಾ? ಅದಕ್ಕಿಂತ ಸಾಧು ಪ್ರಾಣಿ…” ಎನ್ನುತ್ತಲೇ ಎದ್ದು ಹೋದರು. ನೀಲಿ ದೀಪ ಆರಿತು. ಅದೇ ಗಳಿಗೆ ಉಳಿದಿದ್ದ ಕೊಂಚ ಗರಗರವೂ ಅಡಗಿ, ರೇಡಿಯೋ ಗಂಟಲು ಸರಿಮಾಡಿಕೊಂಡ ಹಾಗೆ ಶುಭ್ರವಾಯಿತು.

“ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ” ಎಂದು ತಮ್ಮನ ಹೆಂಡತಿ ಬಾಗಿಲ ಕಡೆಗೆ ಜೋರಾಗಿ ಹೇಳಿದಳು.

ಡಾಕ್ಟರು ಒಬ್ಬರೇ ಬರಲಿಲ್ಲ. ಅಂಗಳಕ್ಕೆ ಹೋಗಿ ಟೈಲರಮ್ಮನನ್ನು ಕರೆದುಕೊಂಡು ಬಂದರು. ದಾರಿಯುದ್ದಕ್ಕೂ, “ತಪ್ಪು ನನ್ನದೇ, ಹೊಟ್ಟೆಗೆ ಹಾಕ್ಕೊಳ್ಳಿ. ನಿಮ್ಮ ಹಲ್ಲು ಏನಿದ್ದರೂ ನಾನೇ ನೋಡ್ತೀನಿ” ಎನ್ನುತ್ತಿದ್ದರು.

“ನನ್ನ ಹಲ್ಲು ಚೆನ್ನಾಗೇ ಇವೆ, ಅದರ ತಂಟೆಗೆ ಬರಬೇಡಿ” ಎಂದಳು ಟೈಲರಮ್ಮ. “ಮೊದಲು ಕೇಳಿಸುತ್ತಾ ನೋಡಿ.”

ನಾನು ಅವಳ ಕೈಹಿಡಿದು ಕೇಳಿದೆ, “ನಿನ್ನದಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?”

“ನನಗೇನು ಗೊತ್ತಮ್ಮ? ನಂದೇ ಇರಬಹುದು ಅನ್ನಿಸ್ತು. ನಂದಾಗಿದ್ದು ನಾನು ನಿಲ್ಲಿಸದೇ ಹೋದರೆ?”

ಡಾಕ್ಟರು ಕಡ್ಡಿಯನ್ನು ದ್ವೀಪಕ್ಕೆ ಅಡ್ಡಲಾಗಿ ತಿರುಗಿಸಿದರು. ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರು. ಮೊದಲು ಬರೀ ಉಸಿರಾಟದಂಥ ಸದ್ದು. ಅದರ ಕೆಳಗೆ, ದೂರದಲ್ಲಿ ಯಾರೋ ಸೀಟಿ ಊದಿದ ಹಾಗೆ: ಉದ್ದ, ಗಿಡ್ಡ, ಗಿಡ್ಡ. ಬಿಡುವು. ಉದ್ದ.

“ಬಂತು!” ಎಂದು ನಾವು ಮೂವರೂ ಕೂಗಿದೆವು. ತಮ್ಮನ ಹೆಂಡತಿ ಮಾತ್ರ ಕೈಯೆತ್ತಿ ಸುಮ್ಮನಿರಿಸಿದಳು.

“ಕಂಬ ಇದೆ. ಇವರು ಇದ್ದಾರೆ ಅಂತ ಇನ್ನೂ ಆಗಲಿಲ್ಲ. ಅಲ್ಲಿ ದೊಡ್ಡ ಟ್ಯಾಂಕಿದೆ. ಬಿರುಗಾಳಿಗೆ ಮುಂಚೆ ತುಂಬಿಸಿಟ್ಟಿದ್ದರೆ ಎಂಜಿನ್ನು ಇಷ್ಟು ದಿನ ತಾನೇ ಓಡ್ತಿರುತ್ತೆ, ನೋಡೋರು ಇಲ್ಲದಿದ್ದರೂ” ಎಂದಳು.

ಕಂಬ ಕೂಗುತ್ತಲೇ ಇತ್ತು. ನನಗೆ ಅದು ಆಗ ತಾಯಿ ಕಳೆದುಕೊಂಡ ಕರುವಿನ ಕೂಗಿನಂತೆ ಕೇಳಿಸತೊಡಗಿತು. ಹೊರಗೆ ಬೆಳಕು ಪೂರ್ತಿ ಇಳಿಯುತ್ತಿತ್ತು. ಒಂದು ಉದ್ದ, ಒಂದು ಗಿಡ್ಡ, ಅಲ್ಲಿಗೇ ಕೂಗು ನಿಂತಿತು.

ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಡಾಕ್ಟರು ಮುಳ್ಳಿಗೆ ಕೈ ಹಾಕಿದರು.

“ಮುಟ್ಟಬೇಡಿ!” ಎಂದಳು ತಮ್ಮನ ಹೆಂಡತಿ. ಅಂಥ ದನಿಯನ್ನು ಅವಳಿಂದ ನಾನು ಕೇಳಿರಲಿಲ್ಲ. “ಎರಡು ಎಂಜಿನ್ ಇವೆ. ಒಂದಕ್ಕೇ ದಣಿವಾಗಬಾರದು ಅಂತ ಕತ್ತಲಾಗುವಾಗ ಒಂದನ್ನ ನಿಲ್ಲಿಸಿ ಇನ್ನೊಂದನ್ನ ಹೊಡೆಸ್ತಾರೆ. ತಾನಾಗೇ ಕೆಟ್ಟು ನಿಂತಿದ್ದರೆ ಮತ್ತೆ ಬರಲ್ಲ. ಇವರು ನಿಲ್ಲಿಸಿದ್ದರೆ ಬರುತ್ತೆ.”

ಅವಳು ಒಳ್ಳೆಯ ಕಣ್ಣನ್ನೂ ಮುಚ್ಚಿಕೊಂಡಳು. ಆಮೇಲೆ ಪಿಸುದನಿಯಲ್ಲಿ ಹೇಳುತ್ತ ಹೋದಳು.

“ಈಗ ಈ ಕಡೆಯದನ್ನ ಆರಿಸಿದ್ರು. ಕೈ ಒರೆಸ್ಕೋತಾರೆ, ಒರೆಸೋ ಬಟ್ಟೆ ಸಿಗಲ್ಲ, ಪ್ಯಾಂಟಿಗೇ ಒರೆಸ್ತಾರೆ. ಆ ಕಡೆ ಹೋದ್ರು. ಹಿಡಿಕೆ ಸಿಕ್ಕಿಸಿದ್ರು. ತಿರುಗಿಸ್ತಾರೆ… ಮೊದಲನೇ ಸಲ ಅದು ಯಾವತ್ತೂ ಹೊಡೆಯಲ್ಲ. ಬೈತಾರೆ. ಮತ್ತೆ ತಿರುಗಿಸ್ತಾರೆ. ಸೊಂಟ ಹಿಡ್ಕೋತಾರೆ. ಮತ್ತೆ…”

ನಾವು ಮೂವರೂ ಅವಳ ತುಟಿಯನ್ನೇ ನೋಡುತ್ತಿದ್ದೆವು. ರೇಡಿಯೋದಲ್ಲಿ ಬರೀ ಗಾಳಿ.

“ಮತ್ತೆ ತಿರುಗಿಸ್ರೀ” ಎಂದಳು ಅವಳು, ನಮಗಲ್ಲ. “ಬಿಡಬೇಡಿ. ಇನ್ನೊಂದು ಸಲ.”

ಒಂದು ಕರಕರ ಸದ್ದು. ಎಳೆಯ ಹುಂಜ ಮೊದಲ ಸಲ ಕೂಗಿದ ಹಾಗೆ ಸೊಟ್ಟದಾಗಿ ಎದ್ದ ದನಿ ನಿಧಾನವಾಗಿ ನೆಟ್ಟಗಾಯಿತು. ಉದ್ದ, ಗಿಡ್ಡ, ಗಿಡ್ಡ. ಬಿಡುವು. ಉದ್ದ.

ಯಾರು ಯಾರನ್ನು ತಬ್ಬಿಕೊಂಡೆವೋ ನೆನಪಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ, “ಅಳಬಾರದು, ಕಣ್ಣಿಗೆ ಒಳ್ಳೇದಲ್ಲ” ಎಂದರು.

“ಆಪರೇಷನ್ ಆಗದ ಕಣ್ಣಲ್ಲಿ ಅಳ್ತಿದ್ದೀನಿ ಬಿಡಿ” ಎಂದಳು ತಮ್ಮನ ಹೆಂಡತಿ.

ಡಾಕ್ಟರು ಅಲ್ಲಿಂದಲೇ ಕಚೇರಿಗೆ ಫೋನು ಹಚ್ಚಿದರು. ಕಂಬ ಕೂಗುತ್ತಿದೆ, ಎಂಜಿನ್ ಬದಲಾಯಿಸಿದ್ದೂ ಕೇಳಿಸಿತು, ಅಲ್ಲಿ ಮನುಷ್ಯ ಬದುಕಿದ್ದಾನೆ, ಪೈಲಟ್‌ಗೆ ಹೇಳಿ ಎಂದರು. ಆ ಕಡೆಯಿಂದ ಗುಮಾಸ್ತರು, “ಯಾವ ವಿಮಾನ ನಿಲ್ದಾಣದಿಂದ ಮಾತಾಡ್ತಿದ್ದೀರಿ ಸರ್?” ಎಂದಿರಬೇಕು.

“ಹಲ್ಲಿನ ಕ್ಲಿನಿಕ್ಕಿನ ಎದುರಿಂದ” ಎಂದರು ಡಾಕ್ಟರು.

ಗುಮಾಸ್ತರು ನಗಲಿಲ್ಲ, ಫೋನು ಇಡಲೂ ಇಲ್ಲ. ರೇಡಿಯೋದ ಹತ್ತಿರ ಫೋನು ಹಿಡಿಯಿರಿ ಎಂದರಂತೆ. ಹಿಡಿದೆವು. ಅವರು ಬಹಳ ಹೊತ್ತು ಕೇಳಿಸಿಕೊಂಡು, “ಸಾಕು, ಇವತ್ತು ನಾನು ಮನೆಗೆ ಹೋಗಲ್ಲ, ಎಲ್ಲರಿಗೂ ತಿಳಿಸ್ತೀನಿ” ಎಂದರು. ಆ ಮನುಷ್ಯನ ಮುಖವನ್ನು ನಾನು ನೋಡಿಲ್ಲ. ಎಲ್ಲಿದ್ದರೂ ತಣ್ಣಗಿರಲಿ.

ಮರುದಿನ ಮಧ್ಯಾಹ್ನ ಅವರದೇ ಫೋನು ಬಂತು. ಪೈಲಟ್ ಕಂಬದ ಕೂಗು ಹಿಡಿದು ಮೋಡದೊಳಗಿಂದ ಇಳಿದಿದ್ದರು. ತಮ್ಮನ ಮನೆಯ ಚಾವಣಿ ಹಾರಿಹೋಗಿತ್ತು. ಅವನು ಎಂಜಿನ್ ಕೋಣೆಯಲ್ಲೇ ಮಲಗೆದ್ದು ದಿನ ದೂಡಿದ್ದ. ಕಾಲಿಗೆ ಪೆಟ್ಟಾಗಿದ್ದರೂ ಓಡಾಡುತ್ತಿದ್ದ. ವಿಮಾನದಲ್ಲಿ ಕರೆತರುತ್ತೇವೆ ಎಂದರೆ, ಬದಲಿ ಆಳು ಬರಲಿ, ಆಮೇಲೆ ಬರುತ್ತೇನೆ ಎಂದನಂತೆ. ಹೆಂಡತಿಗೆ ಹೇಳಿಕಳಿಸಿದ ಮಾತು ಒಂದೇ: ಕಣ್ಣು ಉಜ್ಜಬೇಡ.

“ನೋಡಿ, ಚಾವಣಿ ಇಲ್ಲದೋರು ನನಗೆ ಬುದ್ಧಿ ಹೇಳ್ತಾರೆ” ಎಂದು ಅವಳು ಎರಡು ಸಲ ಬಡಿಸಿಕೊಂಡು ಊಟ ಮಾಡಿದಳು.

ಊಟವಾದ ಮೇಲೆ ನಾವಿಬ್ಬರೂ ಟೈಲರಮ್ಮನ ಕೋಣೆಗೆ ಹೋದೆವು. ನಮ್ಮಿಂದಾಗಿ ಅವಳ ಸಂಜೆಗಳೆಲ್ಲ ಹಾಳಾಗಿ, ಶಾಲೆಯ ಬಟ್ಟೆ ಇನ್ನೂ ರಾಶಿ ಬಿದ್ದಿತ್ತು. ಬೇಡ ಬೇಡ ಎಂದರೂ ಬಿಡದೆ ನಾನು ಗುಂಡಿ ಹಚ್ಚಲು ಕುಳಿತೆ. ತಮ್ಮನ ಹೆಂಡತಿ ಬೆರಳಿನಿಂದಲೇ ದೊಡ್ಡ ಗುಂಡಿ, ಸಣ್ಣ ಗುಂಡಿ ಬೇರೆ ಮಾಡಿ ಕೊಡುತ್ತಿದ್ದಳು. ಡಾಕ್ಟರು ಕ್ಲಿನಿಕ್ಕು ಮುಗಿಸಿ ಬಂದು ಕಾಜಾ ಕತ್ತರಿಸಲು ಹೊರಟರು; ಎರಡು ಅಂಗಿಗಳ ಗತಿ ನೋಡಿ ಟೈಲರಮ್ಮ ಕತ್ತರಿ ಕಸಿದುಕೊಂಡು, ಮಡಿಸಿಡುವ ಕೆಲಸ ಕೊಟ್ಟಳು. ರೇಡಿಯೋ ಬಟ್ಟೆಗಳ ನಡುವೆ ಕುಳಿತು ತನ್ನ ಪಾಡಿಗೆ ತಾನು ಉದ್ದ, ಗಿಡ್ಡ, ಗಿಡ್ಡ ಎನ್ನುತ್ತಿತ್ತು.

ಸ್ವಲ್ಪ ಹೊತ್ತಿಗೆ ಟೈಲರಮ್ಮ ತಡೆಯಲಾರದೆ ಕೇಳಿದಳು.

“ಅಲ್ಲಮ್ಮ, ಇಷ್ಟು ಕಷ್ಟಪಟ್ಟು ಮಾಡಿದ ರೇಡಿಯೋ. ಇದರಲ್ಲಿ ಹಾಡು ಗೀಡು ಬರಲ್ವಾ?”

“ಬರುತ್ತೆ, ಬೇಕಾದಷ್ಟು ಬರುತ್ತೆ” ಎಂದಳು ತಮ್ಮನ ಹೆಂಡತಿ. ಒಂದು ಸಣ್ಣ ಗುಂಡಿಯನ್ನು ನನ್ನ ಅಂಗೈಗೆ ಹಾಕಿ ಸದ್ದನ್ನು ತುಸು ಏರಿಸಿದಳು. “ಇವತ್ತೊಂದು ದಿನ ಇದೇ ಇರಲಿ.”